ಶಿವಮೊಗ್ಗದಲ್ಲಿ ಆರು ಜನ, ಎರಡು ದಿನ, ಎಲ್ಲೆಲ್ಲಿ ತಿನ್ನೋದು? (ಗೋಬಿ ಮಂಚೂರಿ ಅಂದವ್ರು ಬ್ಲಾಕ್)

ನವುಲೆ_ಬ್ಯಾಕ್‌ಬೆಂಚ್

ಎಲ್ರಿಗೂ ನಮಸ್ಕಾರ. ನಾವು ಆರು ಜನ ನವುಲೇಲಿ ಎಂಜಿನಿಯರಿಂಗ್ ಓದಿದವ್ರು, 2012ರಲ್ಲಿ ರೂಮ್ ಖಾಲಿ ಮಾಡಿ ಬೆಂಗ್ಳೂರು ಬಸ್ ಹತ್ತಿದ್ದು, ಅವತ್ತಿಂದ ಇವತ್ತಿನವರೆಗೂ ಆರೂ ಜನ ಒಟ್ಟಿಗೆ ಶಿವಮೊಗ್ಗದಲ್ಲಿ ಕಾಲಿಟ್ಟಿಲ್ಲ. ಒಬ್ಬನಿಗೆ ಮಗು, ಒಬ್ಬನಿಗೆ ರಿಲೀಸು, ಒಬ್ಬನಿಗೆ ಹೆಂಡ್ತಿ ಪರ್ಮಿಷನ್, ಹಿಂಗೇ ಆಗಿ ಆಗಿ ಅಂತೂ ಈ ಸಲ ಜುಲೈ ಕೊನೇ ವಾರ ಅಂತ ಫಿಕ್ಸ್ ಆಗಿದೆ. ಶುಕ್ರವಾರ ಸಂಜೆ ಜನಶತಾಬ್ದಿ ಹತ್ತಿದ್ರೆ ರಾತ್ರಿ ಹತ್ತರ ಹೊತ್ತಿಗೆ ಟೌನ್ ಸ್ಟೇಷನ್‌ನಲ್ಲಿ ಇಳಿತೀವಿ, ಸೋಮವಾರ ನಸುಕಿಗೆ ಅದೇ ಗಾಡಿ ಹಿಡಿದು ವಾಪಸ್. ಜೋಗ ನೋಡೋಕಲ್ಲ, ಫೋಟೋಗಲ್ಲ, ತಿನ್ನೋಕೇ ಬರ್ತಿರೋದು.

ಪ್ರಶ್ನೆ ಏನಂದ್ರೆ ನಾನು ಹೋದ ವರ್ಷ ಒಂದು ಮದುವೆಗೆ ಅಂತ ಒಬ್ನೇ ಬಂದಿದ್ದೆ. ರೋಡ್ ಸೈಡಲ್ಲಿ ದೊಡ್ಡದಾಗಿ 'ಅಪ್ಪಟ ಮಲೆನಾಡಿನ ಮನೆ ಊಟ' ಅಂತ ಬೋರ್ಡು, ಮುಂದೆ ಒಂದು ಗಾಡಿಚಕ್ರ, ಲಾಟೀನು, ಹೆಂಚಿನ ಮಾಡು, ನೋಡಿ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಒಳಗೆ ಹೋಗಿ ಕೂತು ಮೆನು ತೆಗೆದ್ರೆ ಮೊದಲ್ನೇ ಪೇಜು ಪನೀರ್ ಬಟರ್ ಮಸಾಲ, ಎರಡ್ನೇದು ಗೋಬಿ, ಕೊನೇ ಪೇಜಲ್ಲಿ ಕೆಳಗಡೆ 'ಕಡುಬು–ಚಿಕನ್'. ಅದನ್ನೇ ಹೇಳ್ದೆ. ಬಂದ ಕಡುಬು ಹೊರಗೆ ಬಿಸಿ, ಒಳಗೆ ಮುರಿದ್ರೆ ತಣ್ಣಗೆ ಕೊರೆಯೋ ಹಾಗಿತ್ತು, ಫ್ರಿಜ್ಜಿಂದ ತೆಗೆದು ಓವನ್‌ಗೆ ತೋರಿಸಿದ್ದಾರೆ ಅಷ್ಟೆ. ಹೆಸರು ಹೇಳಲ್ಲ, ಬೇಡ ಬಿಡಿ.

ಈ ಕಥೆ ಗ್ರೂಪಲ್ಲಿ ಹಾಕಿದ್ದೇ ತಪ್ಪಾಯ್ತು. ನಮ್ಮಲ್ಲೊಬ್ಬ ವಾದಿ ಇದಾನೆ, ಅವನದ್ದು ಒಂದೇ ರಾಗ: ಶಿವಮೊಗ್ಗಕ್ಕೆ ಸ್ವಂತ ಊಟ ಅಂತಾನೇ ಇಲ್ಲ, ಬೆಣ್ಣೆದೋಸೆ ದಾವಣಗೆರೇದು, ಮೀನು ಕರಾವಳೀದು, ಮಿರ್ಚಿ ಹುಬ್ಬಳ್ಳೀದು, ಉಳಿದಿದ್ದು ಬೆಂಗ್ಳೂರಿಂದು, ನಾವು ನಾಲ್ಕು ವರ್ಷ ತಿಂದಿದ್ದು ಏನು ಎಗ್‌ರೈಸ್ ತಾನೆ ಅಂತಾನೆ. ಎಗ್‌ರೈಸ್ ವಿಷ್ಯ ನಿಜ, ಆದ್ರೂ ಉರಿಯುತ್ತೆ. ಅವನ ಬಾಯಿ ಮುಚ್ಚಿಸೋ ಹಾಗೆ ಎರಡು ದಿನದ ಪ್ಲ್ಯಾನ್ ಯಾರಾದ್ರೂ ಊರಿನವ್ರು ಹೇಳಿ. ಒಬ್ಬ ಮೀನು ಹುಚ್ಚ ಇದಾನೆ. ಇನ್ನೊಬ್ಬ ಹುಬ್ಬಳ್ಳಿ ಜೈನರವನು, ಈರುಳ್ಳಿ ಬೆಳ್ಳುಳ್ಳಿ ಆಲೂಗಡ್ಡೆ ಯಾವ್ದೂ ಇಲ್ಲ, ಕಾಲೇಜಲ್ಲಿದ್ದಾಗ ಇಷ್ಟು ಸ್ಟ್ರಿಕ್ಟ್ ಇರ್ಲಿಲ್ಲ ಈಗ ಆಗಿದಾನೆ. ಬಾಕಿ ನಾವು ನಾಲ್ವರು ಏನ್ ಹಾಕಿದ್ರೂ ತಿಂತೀವಿ.

ಗೋಪಿಸರ್ಕಲ್_ಗಿರಾಕಿ

ನಿಮ್ಮ ವಾದಿ ಫ್ರೆಂಡಿಗೆ ಫಸ್ಟು ಒಂದು ಪ್ರಶ್ನೆ ಕೇಳಿ, ನಾಲ್ಕು ವರ್ಷ ಬಿ.ಎಚ್. ರೋಡಲ್ಲಿ ಓಡಾಡಿದ್ಯಲ್ಲ ಬಿ.ಎಚ್. ಅಂದ್ರೆ ಏನೋ ಅಂತ. ಬೆಂಗಳೂರು–ಹೊನ್ನಾವರ. ಒಂದು ತುದೀಲಿ ರಾಜಧಾನಿ ಇನ್ನೊಂದು ತುದೀಲಿ ಸಮುದ್ರ, ಮಧ್ಯ ನಾವು. ಈ ಕಡೆ ಹೊನ್ನಾಳಿ ದಾರಿ ಹಿಡಿದ್ರೆ ಬಯಲುಸೀಮೆ, ಆ ಕಡೆ ಗಾಜನೂರು ದಾಟಿದ್ರೆ ಕಾಡು ಶುರು. ಬಾಗ್ಲಲ್ಲಿರೋ ಊರು ಮಾರಾಯ್ರೆ ಇದು, ಬಾಗ್ಲಲ್ಲಿ ನಿಂತವನ ತಟ್ಟೇಲಿ ಎರಡೂ ಮನೆ ಊಟ ಇರುತ್ತೆ. ಅದನ್ನ ಸ್ವಂತದ್ದಲ್ಲ ಅಂದ್ರೆ ಹೆಂಗೆ?

ನನ್ನ ಅಭಿಪ್ರಾಯ ಏನಂದ್ರೆ ಇಲ್ಲಿ ಹೋಟ್ಲು ನೋಡಿ ತಿನ್ಬಾರ್ದು, ಗಡಿಯಾರ ನೋಡಿ ತಿನ್ಬೇಕು. ಬೆಳಿಗ್ಗೆ ಏಳಕ್ಕೆ ಚೆನ್ನಾಗಿರೋದು ಹನ್ನೊಂದಕ್ಕೆ ಕೆಟ್ಟಿರುತ್ತೆ, ಸಂಜೆ ಆರಕ್ಕೆ ಸಿಗೋದು ಎಂಟಕ್ಕೆ ಖಾಲಿ. ಶನಿವಾರ ಬೆಳಿಗ್ಗೆ ಎದ್ದವ್ರೇ ಮೀನಾಕ್ಷಿ ಭವನಕ್ಕೆ ಹೋಗಿ, ಮಸಾಲೆ ದೋಸೆ. ಇದು ಎಲ್ರೂ ಹೇಳೋ ಹೆಸರೇ, ಹೊಸದೇನಲ್ಲ, ಆದ್ರೆ ಎಲ್ರೂ ಹೇಳೋದಕ್ಕೆ ಕಾರಣ ಇದೆ. ಭಾನುವಾರ ಹೋಗ್ಬೇಡಿ, ಭಾನುವಾರ ಇಡೀ ಊರು ಅಲ್ಲೇ ಇರುತ್ತೆ, ನಿಮ್ಮ ಹಿಂದೆ ಒಬ್ರು ನಿಂತು ನೀವು ಯಾವಾಗ ಕೈ ತೊಳಿತೀರ ಅಂತ ನೋಡ್ತಾ ಇರ್ತಾರೆ, ಅಂಥಾ ಟೈಮಲ್ಲಿ ಕಾಫಿ ಕುಡಿಯೋ ಸುಖ ಇಲ್ಲ.

ಸಂಜೆ ಮಾತ್ರ ಕೂತು ತಿನ್ನೋ ಜಾಗಕ್ಕೆ ಹೋಗ್ಲೇಬೇಡಿ. ಮಂಡಕ್ಕಿ. ನಿಂತ್ಕೊಂಡು. ಗಾಂಧಿ ಬಜಾರ್ ಕಡೆ ಇರ್ಲಿ, ವಿನೋಬನಗರ ಪೊಲೀಸ್ ಚೌಕಿ ಹತ್ರ ಇರ್ಲಿ, ಯಾವ ಗಾಡಿ ಅಂತ ನಾನು ಹೇಳಲ್ಲ, ಒಂದು ಟೆಸ್ಟ್ ಹೇಳ್ಕೊಡ್ತೀನಿ. ಮಳೆಗಾಲದಲ್ಲಿ ಮಂಡಕ್ಕಿ ತೆರೆದಿಟ್ರೆ ಐದೇ ನಿಮಿಷಕ್ಕೆ ಮೆತ್ತಗಾಗಿ ಹಲ್ಲಿಗೆ ಅಂಟುತ್ತೆ. ಒಳ್ಳೆ ಗಾಡಿಯವನು ಡಬ್ಬದ ಮುಚ್ಚಳ ಪ್ರತೀ ಸಲ ಮುಚ್ತಾನೆ, ಆರ್ಡರ್ ಬಂದಾಗ ಒಂದು ಮುಷ್ಟಿ ತೆಗೆದು ಬೆರಳಲ್ಲಿ ಒತ್ತಿ ನೋಡ್ತಾನೆ, ಗರಿ ಇಲ್ಲ ಅಂದ್ರೆ ಬಿಸಿ ಬಾಣ್ಲೇಲಿ ಎರಡು ಸಲ ಆಡಿಸ್ತಾನೆ. ಆಮೇಲೆ ಡಬ್ರಿಗೆ ಹಾಕಿ ಈರುಳ್ಳಿ, ಕ್ಯಾರೆಟ್ ತುರಿ, ಕೆಂಪು ಖಾರ, ಮೇಲಿಂದ ಒಂದಿಷ್ಟು ಕೊಬ್ಬರಿ ಎಣ್ಣೆ, ಚಮಚದಲ್ಲಿ ಡಬ್ರಿ ಅಂಚಿಗೆ ಟಕಟಕ ಬಡಿದು ಕಲಸಿ ನಿಪ್ಪಟ್ಟು ಕೈಯಲ್ಲೇ ಪುಡಿ ಮಾಡಿ ಉದುರಿಸಿ ಕೊಡ್ತಾನೆ. ಮುಚ್ಚಳ ತೆಗೆದೇ ಇಟ್ಟಿರೋ ಗಾಡಿ ಕಂಡ್ರೆ ಮುಂದೆ ಹೋಗಿ. ಜೊತೆಗೆ ಟೊಮ್ಯಾಟೊ ಸ್ಲೈಸ್ ಮಸಾಲೆ ಒಂದು ಪ್ಲೇಟು. ಪಾರ್ಸೆಲ್ ಕೇಳಿದ್ರೆ ನಿಮ್ಮಷ್ಟು ದಡ್ರಿಲ್ಲ.

ಆ ವಾದಿ 'ಮಂಡಕ್ಕಿ ಭಟ್ಟಿ ಇರೋದೂ ದಾವಣಗೆರೇಲೇ' ಅಂತಾನೆ, ಅನ್ಲಿ ಬಿಡಿ.

ಎಗ್‌ರೈಸ್_ಸಂಘ_ಸದಸ್ಯ

ರಾತ್ರಿ ಹತ್ತಕ್ಕೆ ಟ್ರೈನ್ ಇಳಿದು ಮಳೇಲಿ ನೆಂದು ಆರು ಜನ ಗಂಡಸ್ರು ಹಸ್ಕೊಂಡು ನಿಂತಿರ್ತೀರ, ಅವಾಗ ತಂಬುಳಿ ಹುಡುಕ್ತೀರಾ? ಎಗ್‌ರೈಸೇ ಗತಿ. ನಿಮಗೆ ಉರಿದ್ರೂ ಪರವಾಗಿಲ್ಲ ಅದೇ ಈ ಊರಿನ ಸ್ವಂತ ಊಟ, ಬಸ್‌ಸ್ಟ್ಯಾಂಡ್ ಸುತ್ತ ಇರೋ ಗಾಡಿಗಳಲ್ಲಿ ಆ ಬಾಣ್ಲೆ ಮೇಲೆ ಸೌಟು ಬಡಿಯೋ ಸೌಂಡ್ ಇದೆಯಲ್ಲ ಅದು ಕೇಳಿದ್ರೆ ನನಗೆ ಇವತ್ತಿಗೂ ಇಂಟರ್ನಲ್ಸ್ ಟೆನ್ಶನ್ ಆಗುತ್ತೆ. ಜೈನ್ ಫ್ರೆಂಡಿಗೆ ಮನೆಯಿಂದ ಚಪಾತಿ ಕಟ್ಟಿಸ್ಕೊಂಡು ಬರೋಕೆ ಹೇಳಿ.

ಒಲೆಮುಂದೆ

ತೀರ್ಥಳ್ಳಿ ಕಡೆಯವನು. ಹದಿನೆಂಟು ವರ್ಷ ಹೋಟ್ಲಲ್ಲಿ ಅಡುಗೆ ಮಾಡಿದೀನಿ, ಬೇರೆಯವ್ರ ಹೋಟ್ಲಲ್ಲೂ ಮಾಡಿದೀನಿ, ಈಗ ರಸ್ತೆ ಬದೀಲಿ ನಮ್ದೇ ಸಣ್ಣದೊಂದಿದೆ, ಪ್ರಚಾರ ಆಗುತ್ತೆ ಅಂತ ಹೆಸರು ಹಾಕ್ತಿಲ್ಲ. ಪ್ರಶ್ನೆ ಕೇಳಿದವ್ರಿಗೆ ತಣ್ಣನೆ ಕಡುಬು ಕೊಟ್ಟಿದ್ದು ತಪ್ಪು, ಒಪ್ಪೋಣ. ಆದ್ರೆ ಎಂತಕ್ಕೆ ಹಂಗಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ, ಬೈಯೋದು ಸುಲಭ ಅಲ್ದಾ.

ಕಡುಬು ಅಂದ್ರೆ ಎಂತ? ಅಕ್ಕಿ ತರಿ ನೀರಲ್ಲಿ ಬೇಯಿಸಿ, ಗಟ್ಟಿಯಾದ್ಮೇಲೆ ಕೈಗೆ ತಣ್ಣೀರು ಮುಟ್ಟಿಸ್ಕೊಂಡು ಸುಡ್ತಾ ಇರ್ಬೇಕಾದ್ರೇ ಉಂಡೆ ಕಟ್ಟಿ, ಮತ್ತೆ ಹಬೇಲಿ ಬೇಯಿಸೋದು. ತಣ್ಣಗಾದ ಹಿಟ್ಟಲ್ಲಿ ಕಟ್ಟಿದ್ರೆ ಬಿರಿಯುತ್ತೆ. ಹಬೆಯಿಂದ ತೆಗೆದು ಅರ್ಧ ಗಂಟೆ ಒಳಗೆ ತಿಂದ್ರೆ ಅದು ಕಡುಬು, ಆಮೇಲೆ ಕಲ್ಲು. ಮನೇಲಿ ಉಳಿದ್ರೆ ಮಾರ್ನೇ ದಿನ ಪುಡಿ ಮಾಡಿ ಒಗ್ಗರಣೆ ಹಾಕ್ತೀವಿ, ಅದೂ ರುಚಿಯೇ, ಆದ್ರೆ ಹೋಟ್ಲಲ್ಲಿ ಹಳೇ ಕಡುಬು ಒಗ್ಗರಣೆ ಅಂತ ಬೋರ್ಡ್ ಹಾಕಿದ್ರೆ ನೀವು ಬರ್ತೀರಾ? ಗಿರಾಕಿ ಎಷ್ಟು ಹೊತ್ತಿಗೆ ಎಷ್ಟು ಜನ ಬರ್ತಾರೆ ಅಂತ ಗೊತ್ತಿಲ್ದೆ ದಿನಾ ನೂರು ಕಡುಬು ಕಟ್ಟಿಡೋದು ಲಾಸ್. ಅದಕ್ಕೇ ಫ್ರಿಜ್ಜು. ಗೋಬಿಗೆ ಈ ತಲೆನೋವಿಲ್ಲ, ಆರ್ಡರ್ ಬಂದ್ರೆ ಎಣ್ಣೆಗೆ ಬಿಡು, ಸಾಸ್ ಹಾಕು, ಮುಗೀತು.

ಅಕ್ಕಿರೊಟ್ಟೀದು ಇನ್ನೂ ಕಷ್ಟ. ಬೆಂಗ್ಳೂರಲ್ಲಿ ಈರುಳ್ಳಿ ಸಬ್ಬಸಿಗೆ ಹಾಕಿ ಬಾಣ್ಲೆಗೆ ಬಡಿತಾರಲ್ಲ ಅದಲ್ಲ ನಮ್ದು. ನಮ್ದು ಬರೀ ಬಿಳಿ, ಹಿಟ್ಟು ಬೇಯಿಸಿ ನಾದಿ ತೆಳ್ಳಗೆ ತಟ್ಟಿ, ಕಾವಲಿ ಮೇಲೆ ಎರಡೂ ಮೈ ಬೇಯಿಸಿ ಕೊನೇಲಿ ಕೆಂಡದ ಮೇಲೆ ಹಾಕಿದ್ರೆ ಪೂರಿ ಹಂಗೆ ಉಬ್ಬಬೇಕು. ಒಂದಕ್ಕೆ ಒಬ್ಬಳು ಹೆಂಗ್ಸು ನಾಲ್ಕೈದು ನಿಮಿಷ ನಿಲ್ಬೇಕು. ನೀವು ಆರು ಜನ ತಲಾ ನಾಲ್ಕು ಅಂದ್ರೆ ಇಪ್ಪತ್ನಾಲ್ಕು, ಲೆಕ್ಕ ಹಾಕ್ಕೊಳ್ಳಿ. ನಮ್ಮನೆಯವ್ಳಿಗೆ ಭಾನುವಾರ ಮಧ್ಯಾಹ್ನ ಆಗೋ ಹೊತ್ತಿಗೆ ಭುಜ ಎತ್ತೋಕಾಗಲ್ಲ.

ಈಗ ಜುಲೈನಲ್ಲಿ ಎಂತ ಸಿಗುತ್ತೆ ಅಂದ್ರೆ ಕಳಲೆ ಸಿಗುತ್ತೆ, ಬಿದಿರಿನ ಮೊಳಕೆ. ಅದನ್ನ ಇವತ್ತು ತಂದು ಇವತ್ತೇ ಮಾಡೋ ಹಂಗಿಲ್ಲ, ಹಸೀದು ವಿಷ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿಟ್ಟು ದಿನಾ ನೀರು ಚೆಲ್ಲಿ ಹೊಸ ನೀರು ಹಾಕ್ಬೇಕು, ಮನೆ ತುಂಬ ಒಂಥರಾ ವಾಸನೆ, ಆಮೇಲೆ ಹೆಸರುಕಾಳೋ ಹಲಸಿನ ಬೀಜವೋ ಹಾಕಿ ಸಾಂಬಾರು ಮಾಡಿದ್ರೆ ಅದರ ಮುಂದೆ ಮಾಂಸವೂ ಬೇಡ. ಪತ್ರೊಡೆಗೂ ಇದೇ ಟೈಮು, ಮರಗೆಸು, ಅಂದ್ರೆ ಮರದ ಮೇಲೆ ಬೆಳೆಯೋ ಕೆಸುವಿನ ಎಲೆ, ಸಿಕ್ರೆ ಪುಣ್ಯ. ಹುಣಸೆಹುಳಿ ಜಿಪುಣತನ ಮಾಡಿದವ್ರ ಪತ್ರೊಡೆ ತಿಂದ್ರೆ ಗಂಟ್ಲು ಕೆರೆತ ಗ್ಯಾರಂಟಿ, ಅನುಭವದಿಂದ ಹೇಳ್ತಿದೀನಿ, ಮೊದಲ್ನೇ ವರ್ಷ ನಾನೇ ಹನ್ನೆರಡು ಗಿರಾಕಿಗೆ ತುರಿಸಿದೀನಿ. ಅದರಲ್ಲೊಬ್ರು ಮೇಷ್ಟ್ರು, ಈಗಲೂ ನಮ್ಮಲ್ಲಿಗೆ ಬರ್ತಾರೆ, ಬಂದು ಬೇಕು ಅಂತಲೇ 'ಪತ್ರೊಡೆ ಇದ್ಯೇನೋ' ಅಂತ ಕೇಳಿ ಇಡ್ಲಿ ತಿಂದು ಹೋಗ್ತಾರೆ.

ಹಂದಿ ತಿನ್ನೋರಾದ್ರೆ ಕಡುಬಿಗೆ ಅದೇ ಜೋಡಿ, ಆದ್ರೆ ಕೊಡಗಿನವ್ರು ಹಾಕೋ ಕಾಚಂಪುಳಿ ಅನ್ನೋ ಹುಳಿಯ ಕಪ್ಪು ಬಣ್ಣ ಇಲ್ಲಿ ಹುಡುಕ್ಬೇಡಿ.

ನೀವು ಮಾಡ್ಬೇಕಾಗಿದ್ದು ಇಷ್ಟೆ. ಭಾನುವಾರ ಬೆಳಿಗ್ಗೆ ಒಂದು ಗಾಡಿ ಮಾಡ್ಕೊಂಡು ತೀರ್ಥಳ್ಳಿ ರಸ್ತೆ ಹಿಡೀರಿ. ಸಕ್ರೆಬೈಲು ಹದಿನಾಲ್ಕು ಕಿಲೋಮೀಟ್ರು, ಆನೆ ಸ್ನಾನ ಬೆಳಿಗ್ಗೆ ಹೊತ್ತು ಮಾತ್ರ, ನೋಡ್ಕೊಂಡು ಮಂಡಗದ್ದೆ ಕಡೆ ಬನ್ನಿ. ದಾರೀಲಿ ಆರು ಟೇಬಲ್ಲಿನ ಸಣ್ಣ ಹೋಟ್ಲುಗಳಿದಾವೆ, ಬೋರ್ಡಲ್ಲಿ 'ಮಲೆನಾಡು' ಅಂತ ಎಲ್ಲೂ ಬರೆದಿರಲ್ಲ, ಬರೆಯೋ ಅವಶ್ಯಕತೆ ಇಲ್ಲ. ಶನಿವಾರವೇ ಯಾವ್ದಾದ್ರೂ ಒಂದಕ್ಕೆ ಫೋನ್ ಮಾಡಿ 'ಆರು ಜನ, ಒಂದು ಗಂಟೆಗೆ, ಕಡುಬು ಬೇಕು' ಅನ್ನಿ. ಹಿಂದಿನ ದಿನ ಹೇಳಿದ್ರೆ ನಾವು ಅಕ್ಕಿ ತರಿ ಮಾಡಿಡ್ತೀವಿ. ಹೇಳದೆ ಬಂದ್ರೆ ಅನ್ನ ಸಾರು ಮೊಟ್ಟೆ.

ಬಂಗಡೆ_ಬಂಧು

ಮೀನು ಹುಚ್ಚನಿಗೆ ಈ ಮೆಸೇಜು. ಅಣ್ಣಾ ಜುಲೈನಲ್ಲಿ ಶಿವಮೊಗ್ಗಕ್ಕೆ ಬಂದು 'ಫ್ರೆಶ್ ಅಂಜಲ್ ಇದ್ಯಾ' ಅಂತ ಕೇಳ್ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಕರಾವಳೀಲಿ ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯಂಗಿಲ್ಲ, ಮೀನು ಮೊಟ್ಟೆ ಇಡೋ ಟೈಮು ಅಂತ ನಿಷೇಧ. ಈ ಎರಡು ತಿಂಗಳು ಇಲ್ಲಿ ತಟ್ಟೆಗೆ ಬೀಳೋ ಸಮುದ್ರದ ಮೀನಲ್ಲಿ ತುಂಬಾ ಪಾಲು ಐಸಲ್ಲಿ ಮಲಗಿದ್ದು, ಇಲ್ಲಾಂದ್ರೆ ಪೂರ್ವ ಕರಾವಳಿ ಕಡೆಯಿಂದ ಲಾರೀಲಿ ಬಂದಿದ್ದು, ಅಲ್ಲಿ ನಿಷೇಧ ಜೂನ್ ಮಧ್ಯಕ್ಕೇ ಮುಗಿಯುತ್ತೆ. ನಾಡದೋಣಿಯವ್ರು ಹಿಡಿದಿದ್ದು ಒಂದಿಷ್ಟು ಬರುತ್ತೆ, ಅದು ಘಾಟಿ ಹತ್ತೋದ್ರೊಳಗೆ ಕೆಳಗೇ ಖರ್ಚಾಗುತ್ತೆ. ವೆಯ್ಟರ್ 'ಇವತ್ತೇ ಮಲ್ಪೆಯಿಂದ ಬಂತು ಸಾರ್' ಅಂದ್ರೆ ಕ್ಯಾಲೆಂಡರ್ ತೋರಿಸು.

ಬದ್ಲು ಒಣಮೀನು ಚಟ್ನಿ ಕೇಳು, ಈ ಮಳೆಗೆ ಅದೇ ಸರಿ. ಇಲ್ಲಾಂದ್ರೆ ಗದ್ದೆ ಏಡಿ ಸಾರು. ಅದಕ್ಕೆ ಹೋಟ್ಲಲ್ಲ, ನೆಂಟ್ರು ಬೇಕು. ಹೊಸ ಮಳೆಗೆ ಹೊಳೆಯಿಂದ ಹಳ್ಳಕ್ಕೆ ಗದ್ದೆಗೆ ಹತ್ತೋ ಹತ್ಮೀನು ಅಂತ ಯಾರಾದ್ರೂ ಆಸೆ ತೋರಿಸಿದ್ರೆ ಮಾತ್ರ ಬೇಡ ಅನ್ನು, ಮೊಟ್ಟೆ ಇಡೋಕೆ ಹತ್ತೋ ಮೀನು ಅವು, ಮೊದ್ಲು ಮನೆಗೊಂದು ಬುಟ್ಟಿ ಬರ್ತಿತ್ತು, ಈಗ ನಮ್ಮೂರ ಹಳ್ಳದಲ್ಲಿ ರಾತ್ರಿ ಟಾರ್ಚ್ ಹಿಡಿದು ಕೂತ್ರೂ ಕಪ್ಪೆ ಮಾತ್ರ ಕಾಣೋದು.

ಇನ್ನೊಂದು, ಬರೋ ದಿನ ಭೀಮನಮಾವಾಸ್ಯೆಗೆ ಹಿಂದೋ ಮುಂದೋ ನೋಡ್ಕೊಳ್ಳಿ. ಆಷಾಢದ ಕೊನೇ ಭಾನುವಾರ ಮಿಲಿಟ್ರಿ ಹೋಟ್ಲಿಗೆ ಕಾಲಿಡೋಕಾಗಲ್ಲ, ಶ್ರಾವಣ ಬಂದ್ಮೇಲೆ ಒಂದು ತಿಂಗಳು ತಿನ್ನಲ್ಲ ಅಂತ ಎಲ್ರೂ ಅಡ್ವಾನ್ಸ್ ತಿಂತಿರ್ತಾರೆ. ಶ್ರಾವಣದಲ್ಲಿ ಹೋದ್ರೆ ಅರ್ಧ ಖಾಲಿ, ಆದ್ರೆ ಅಡುಗೆಯೂ ಅರ್ಧವೇ ಮಾಡಿರ್ತಾರೆ.

ನವುಲೆ_ಬ್ಯಾಕ್‌ಬೆಂಚ್

ಎಲ್ರಿಗೂ ಥ್ಯಾಂಕ್ಸ್. ಒಲೆಮುಂದೆ ಅವ್ರೇ ನೀವು ಹೇಳಿದ್ದು ಓದಿ ನನ್ನ ಸಿಟ್ಟು ಅರ್ಧ ಇಳೀತು, ಇನ್ನರ್ಧ ಆ ಲಾಟೀನಿನ ಮೇಲಿದೆ. ಮೆಸೇಜ್ ಕಳಿಸಿದೀನಿ ನೋಡಿ. ಮೀನು ಹುಚ್ಚನಿಗೆ 61 ದಿನದ ವಿಷ್ಯ ಹೇಳಿದ್ರೆ ಟ್ರಿಪ್ಪೇ ಆಗಸ್ಟಿಗೆ ಹಾಕಿ ಅಂತಿದಾನೆ, ಹಾಕಲ್ಲ.

ಆದ್ರೆ ನಮ್ಮ ಜೈನ ಕಷ್ಟದಲ್ಲಿದಾನೆ. ಚಾತುರ್ಮಾಸ ಶುರುವಾಗಿರುತ್ತೆ, ಸೊಪ್ಪೂ ತಿನ್ನಲ್ಲ ಅಂತಾನೆ, ಕತ್ತಲಾದ್ಮೇಲೆ ಊಟ ಇಲ್ಲ. ಅಂದ್ರೆ ಪತ್ರೊಡೆ ಔಟ್, ಮಂಡಕ್ಕಿ ಔಟ್, ಎಗ್‌ರೈಸ್ ಕೇಳೋದೇ ಬೇಡ. 'ನಾನು ಬಂದು ನಿಮ್ಮ ಮುಖ ನೋಡ್ತಾ ಕೂರ್ತೀನಿ' ಅಂತಿದಾನೆ. ಯಾರಾದ್ರೂ ದಾರಿ ತೋರಿಸಿ.

ಸಾಗರದ_ಸೊಸೆ

ಅಯ್ಯೋ ಪಾಪ, ಅವರನ್ನ ಹುಂಚಕ್ಕೆ ಕರ್ಕೊಂಡು ಹೋಗಿ ಮಾರಾಯ್ರೆ. ಹೊಸನಗರ ತಾಲ್ಲೂಕು, ಹೊಂಬುಜ ಅಂತ ಬೋರ್ಡಲ್ಲಿರುತ್ತೆ, ಪದ್ಮಾವತಿ ಅಮ್ಮನವರ ಬಸದಿ, ಜೈನ ಮಠ. ಸಾಂತರರು ಆಳಿದ ಊರು ಅದು, ಹಳೇ ಬಸದಿಗಳಿದಾವೆ, ನೋಡೋಕೂ ಚೆಂದ. ಮಠದಲ್ಲಿ ಊಟದ ವ್ಯವಸ್ಥೆ ಇದೆ, ಮೊದ್ಲೇ ವಿಚಾರಿಸ್ಕೊಂಡು ಹೋಗಿ. ನಿಮ್ಮ ಆರು ಜನರಲ್ಲಿ ಅವರೊಬ್ಬರೇ ಆರಾಮಾಗಿ ಕೂತು ಉಣ್ಣೋ ಊಟ ಅದು, ನೀವು ಐದು ಜನ ಬೇಕಾದ್ರೆ ಅವರ ಮುಖ ನೋಡ್ತಾ ಕೂರಿ.

ಇನ್ನು ನಮ್ಮ ಕಡೆ ಹವ್ಯಕರ ಅಡಿಗೇಲಿ ಈರುಳ್ಳಿ ಬೆಳ್ಳುಳ್ಳಿ ಇಲ್ದೇ ಮಾಡೋದು ತುಂಬಾ ಇದೆ. ಒಂದೆಲಗದ ತಂಬುಳಿ, ದೊಡ್ಡಪತ್ರೆ ತಂಬುಳಿ ಸೊಪ್ಪಾಯ್ತು, ಅವರಿಗೆ ಬೇಡ. ಮೆಂತ್ಯದ ತಂಬುಳಿ ಆಗುತ್ತೆ ನೋಡಿ, ಕಾಳು ತುಪ್ಪದಲ್ಲಿ ಹುರಿದು ಕಾಯಿ ಜೊತೆ ರುಬ್ಬಿ ಮಜ್ಜಿಗೆ ಹಾಕೋದು, ಕುದಿಸೋದಿಲ್ಲ. ಮಾವಿನಮಿಡಿಯ ಅಪ್ಪೆಹುಳಿ ಆಗುತ್ತೆ, ಇಂಗು ಒಗ್ಗರಣೆ ಅಷ್ಟೇ, ಅನ್ನಕ್ಕೆ ಕಲಸ್ಕೊಳ್ಳಿ ಇಲ್ಲ ಲೋಟದಲ್ಲಿ ಕುಡೀರಿ. ಕುಡಿದ್ರೆ ನಿದ್ದೆ ಬರುತ್ತೆ ಅಂತಾರೆ, ನಮ್ಮ ಮಾವನವರಿಗಂತೂ ಕುಡೀದೇ ಇದ್ರೂ ಬರುತ್ತೆ.

ಆಮೇಲೆ ತೊಡೆದೇವು. ಇದನ್ನ ತಿನ್ನೋದಕ್ಕಿಂತ ಮಾಡೋದು ನೋಡ್ಬೇಕು. ಬೋರಲು ಹಾಕಿದ ಮಡಕೆ, ಕೆಳಗಿಂದ ಬೆಂಕಿ, ಅದಕ್ಕಂತಲೇ ಮಾಡಿಸಿದ ಮಡಕೆ ಅದು. ಅಕ್ಕಿಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಹಾಕಿ ತೆಳ್ಳಗೆ ಕಲಸಿ, ಕೋಲಿಗೆ ಬಟ್ಟೆ ಕಟ್ಟಿ ಆ ಹಿಟ್ಟಲ್ಲಿ ಅದ್ದಿ ಮಡಕೆ ಮೇಲೆ ಒಂದೇ ಎಳೆತಕ್ಕೆ ಬಳೀಬೇಕು. ಎರಡ್ನೇ ಸಲ ಕೈ ಆಡಿಸಿದ್ರೆ ಹರಿಯಿತು. ಕಾಗದದಷ್ಟು ತೆಳ್ಳಗೆ ಎದ್ದು ಬರುತ್ತೆ, ಬಿಸಿ ಇರೋವಾಗ್ಲೇ ಮಡಚಬೇಕು, ಆರಿದ್ರೆ ಪುಡಿ. ನಾನು ಮದುವೆಯಾಗಿ ಬಂದು ಆರು ವರ್ಷ ಆಯ್ತು, ಇನ್ನೂ ಅತ್ತೆ ನನ್ನ ಕೈಗೆ ಆ ಕೋಲು ಕೊಟ್ಟಿಲ್ಲ. ಸಾಗರದ ಅಂಗಡಿಗಳಲ್ಲಿ ಪ್ಯಾಕೆಟ್ ಸಿಗುತ್ತೆ, ಹಾಲು ತುಪ್ಪ ಹಾಕ್ಕೊಂಡು ತಿನ್ನಿ.

ಹೋಗೋವಾಗ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯೋದು ಮರೀಬೇಡಿ. ಹೊಳೆ ದಂಡೆ ಮೇಲಿನ ಕಾಡು ಮಾವಿನ ಮಿಡಿ, ತೊಟ್ಟು ಮುರಿದ್ರೆ ಸೊನೆ ಘಂ ಅನ್ನುತ್ತೆ, ಆ ಸೊನೇಲೇ ಎಲ್ಲಾ ಇರೋದು. ಜಿಐ ಟ್ಯಾಗ್ ಸಿಕ್ಕಿದ ಮೇಲೆ ಎಲ್ರೂ ಎಲ್ಲಾ ಮಿಡಿಗೂ ಅಪ್ಪೆಮಿಡಿ ಅಂತ ಚೀಟಿ ಅಂಟಿಸ್ತಾರೆ. ತೊಟ್ಟು ಇಟ್ಟೇ ಹಾಕಿದಾರಾ ನೋಡಿ, ಕಚ್ಚಿದ್ರೆ ಕಟುಂ ಅನ್ನಬೇಕು.

ಗೋಪಿಸರ್ಕಲ್_ಗಿರಾಕಿ

ಸಾಗರದ ಅಕ್ಕ ಬಂದ್ಮೇಲೆ ನಮ್ಮ ಮಂಡಕ್ಕಿಗೆ ಮರ್ಯಾದೆ ಹೋಯ್ತು. ಹೋಗಿ ಬಂದು ರಿಪೋರ್ಟ್ ಹಾಕಿ ಸಾರ್, ಎಲ್ರೂ ಕೇಳ್ಕೊಂಡು ಹೋಗಿ ಮಾಯ ಆಗ್ತಾರೆ ಇಲ್ಲಿ.

ನವುಲೆ_ಬ್ಯಾಕ್‌ಬೆಂಚ್ (ಎರಡು ವಾರ ಬಿಟ್ಟು)

ಮಾಯ ಆಗಿಲ್ಲ, ಆಫೀಸು. ರಿಪೋರ್ಟ್ ತಗೊಳ್ಳಿ.

ಶುಕ್ರವಾರ ರಾತ್ರಿ ಟ್ರೈನ್ ಲೇಟು, ಜೋರು ಮಳೆ, ಸಂಘದ ಸದಸ್ಯರು ಹೇಳಿದ್ದೇ ಆಯ್ತು, ಬಸ್‌ಸ್ಟ್ಯಾಂಡ್ ಹತ್ರ ಟಾರ್ಪಾಲ್ ಕೆಳಗೆ ಐದು ಎಗ್‌ರೈಸ್. ವಾದಿ ಎರಡು ಪ್ಲೇಟ್ ತಿಂದ. ಜೈನ ಮನೆಯಿಂದ ಖಾಕ್ರಾ ತಂದಿದ್ದ, ಸಂಜೆ ಟ್ರೈನಲ್ಲೇ ಮುಗಿಸಿ ಮಲ್ಗಿಬಿಟ್ಟಿದ್ದ, ಪುಣ್ಯಾತ್ಮ.

ಶನಿವಾರ ಬೆಳಿಗ್ಗೆ ಏಳೂವರೆಗೆ ಮೀನಾಕ್ಷಿ ಭವನ. ಏನೂ ಹೇಳಲ್ಲ, ದೋಸೆ ಬರೋವರೆಗೂ ಮಾತಾಡ್ತಿದ್ದವ್ರು ಬಂದ್ಮೇಲೆ ಮಾತಾಡ್ಲಿಲ್ಲ. ಅಲ್ಲಿಂದ ಹುಂಚ. ಹೋಗ್ತಾ ಮಳೆ ಹೆಂಗಿತ್ತು ಅಂದ್ರೆ ವೈಪರ್ ಸೋತು ಎರಡು ಕಡೆ ಗಾಡಿ ನಿಲ್ಲಿಸಿದ್ವಿ. ಮಠದಲ್ಲಿ ಕೂತು ಉಂಡ್ವಿ, ಅನ್ನ, ಬೇಳೆ ಸಾರು, ಒಂದು ಪಲ್ಯ, ಮಜ್ಜಿಗೆ. ನಮ್ಮ ಜೈನ ಅಲ್ಲಿ ಮನೆ ಯಜಮಾನನ ಹಾಗೆ ನಮಗೆಲ್ಲ 'ಇನ್ನೊಂದ್ಸಲ ಹಾಕಿಸ್ಕೊಳ್ರೋ' ಅಂತ ಬಲವಂತ ಮಾಡ್ತಿದ್ದ. ಹನ್ನೆರಡು ವರ್ಷ ಮೇಲಾಯ್ತಲ್ಲ, ನಾಲ್ಕು ವರ್ಷ ಒಂದೇ ರೂಮಲ್ಲಿದ್ದಾಗ ಅವನಿಗೆ ಅಂತ ಒಂದು ಊಟದ ಜಾಗ ನಾವ್ಯಾರೂ ಹುಡುಕಿರ್ಲಿಲ್ಲ ಅಂತ ಆವಾಗ ಹೊಳೀತು, ಯಾರೂ ಬಾಯಿ ಬಿಟ್ಟು ಹೇಳ್ಲಿಲ್ಲ.

ಸಂಜೆ ಮಂಡಕ್ಕಿ. ಮುಚ್ಚಳದ ಟೆಸ್ಟ್ ಮಾಡಿದ್ವಿ, ನಾಲ್ಕು ಗಾಡಿ ದಾಟಿ ಐದ್ನೇದಕ್ಕೆ ನಿಂತ್ವಿ. ಒಂದೇ ಛತ್ರಿ ಕೆಳಗೆ ಮೂರು ಜನ, ಮೇಲಿಂದ ನೀರು ಪೊಟ್ಟಣಕ್ಕೆ ಬೀಳ್ದೇ ಇರೋ ಹಾಗೆ ಬಗ್ಗಿ ತಿನ್ನೋದು. ಮೀನು ಹುಚ್ಚ 'ಇದರಲ್ಲಿ ಒಣಸೀಗಡಿ ಹಾಕಿದ್ರೆ' ಅಂತ ಶುರು ಮಾಡ್ದ, ಗಾಡಿಯವ್ರು ಸೌಟು ತೋರಿಸಿದ್ರು.

ಭಾನುವಾರ ಸಕ್ರೆಬೈಲು, ಅಲ್ಲಿಂದ ಒಲೆಮುಂದೆ ಅವರ ಹೋಟ್ಲು. ಹೆಸರು ಹೇಳ್ಬೇಡಿ ಅಂದಿದಾರೆ, ಹೇಳಲ್ಲ. ಹನ್ನೆರಡೂವರೆಗೇ ಹೋದ್ವಿ, 'ಒಂದು ಗಂಟೆ ಅಂದಿದ್ರಿ, ಹಬೇಲಿದೆ, ಕೂರಿ' ಅಂತ ಹೊರಗೆ ಬೆಂಚ್ ಮೇಲೆ ಕೂರಿಸಿದ್ರು. ಒಂದಕ್ಕೆ ಸರಿಯಾಗಿ ಪಾತ್ರೆ ಮುಚ್ಚಳ ತೆಗೆದಾಗ ಬಂದ ಹಬೆಗೆ ವಾದಿ ಕನ್ನಡಕ ಪೂರ್ತಿ ಬೆಳ್ಳಗಾಯ್ತು, ಅವನು ಒರೆಸ್ಕೊಳ್ದೇನೇ ಒಂದು ಕಡುಬು ಕೈಗೆತ್ಕೊಂಡು ಮುರಿದ, ಒಳಗಿಂದ್ಲೂ ಹಬೆ. ಕೋಳಿ ಸಾರಲ್ಲಿ ಅದ್ದಿ ತಿಂದ. ಕಳಲೆ ಸಾಂಬಾರು ಜೈನನಿಗೆ ಅಂತ ಈರುಳ್ಳಿ ಇಲ್ದೇ ಬೇರೆ ಪಾತ್ರೇಲಿ ಮಾಡಿಟ್ಟಿದ್ರು, ಕಳಲೆ ಗೆಡ್ಡೆಯಾ ಅಲ್ವಾ ಅಂತ ಒಂದು ದೊಡ್ಡ ಚರ್ಚೆ ಆಯ್ತು, ಅವರಮ್ಮನಿಗೆ ಫೋನ್ ಹೋಯ್ತು, ಅಮ್ಮ ಬೇಡ ಅಂದ್ರು. ಆ ಪಾತ್ರೇನೂ ನಾವೇ ಖಾಲಿ ಮಾಡಿದ್ವಿ. ಅವನಿಗೆ ಅಕ್ಕಿರೊಟ್ಟಿ, ಬೆಲ್ಲ, ತುಪ್ಪ.

ವಾದಿ ಏನಂದ ಅಂತ ಕೇಳ್ತೀರಲ್ಲ. ವಾಪಸ್ ಬರ್ತಾ ಗಾಜನೂರು ಹತ್ರ 'ಇದು ತೀರ್ಥಳ್ಳಿ ಊಟ, ಶಿವಮೊಗ್ಗದ್ದಲ್ಲ' ಅಂದ. ಗಾಡಿಯಿಂದ ಇಳಿಸೋಣ ಅಂತಿದ್ವಿ, ಮಳೆ ಇತ್ತು ಅಂತ ಬಿಟ್ವಿ.

ಈಗ ಒಂದು ಪ್ರಾಬ್ಲಂ. ಸಾಗರದ ಅಕ್ಕ ಹೇಳಿದ್ರು ಅಂತ ಅಪ್ಪೆಮಿಡಿ ಒಂದು ಬಾಟ್ಲಿ ತಗೊಂಡಿದ್ದೆ, ತೊಟ್ಟಿತ್ತು, ಕಟುಂ ಅಂತಿತ್ತು, ಎಲ್ಲಾ ಸರಿ. ಸೋಮವಾರ ಬೆಳಿಗ್ಗೆ ಟ್ರೈನಲ್ಲಿ ಮೇಲಿನ ರ್‍ಯಾಕಲ್ಲಿ ಬ್ಯಾಗ್ ಮಗುಚಿ ಬಿದ್ದು ರಸ ಅರ್ಧ ಸೋರಿದೆ, ತರೀಕೆರೆ ದಾಟೋ ಹೊತ್ತಿಗೆ ಇಡೀ ಬೋಗಿಗೆ ಊಟದ ಮನೆ ವಾಸನೆ, ಮುಂದಿನ ಸೀಟಿನ ಅಜ್ಜಿ ಎದ್ದು ಬಂದು 'ಮಿಡಿಯಾ?' ಅಂತ ಕೇಳಿ ಎರಡು ತಗೊಂಡು ಹೋದ್ರು. ಈಗ ಬಾಟ್ಲೀಲಿ ಮಿಡಿ ಇದಾವೆ ರಸ ಇಲ್ಲ, ಮೇಲೆ ಇರೋವು ಒಣಗ್ತಾ ಇದಾವೆ. ಏನ್ ಮಾಡ್ಲಿ? ನೀರು ಹಾಕ್ಬಹುದಾ?

ಸಾಗರದ_ಸೊಸೆ

ಹಸಿ ನೀರು ಹಾಕಿದ್ರೋ ಬೂಸ್ಟು ಬಂದು ಎಲ್ಲಾ ತಿಪ್ಪೆಗೆ. ಕಲ್ಲುಪ್ಪು ಹಾಕಿ ನೀರು ಕುದಿಸಿ, ಪೂರ್ತಿ ಆರಿಸಿ, ಪೂರ್ತಿ ಅಂದ್ರೆ ಪೂರ್ತಿ, ರಾತ್ರಿ ಕುದಿಸಿ ಬೆಳಿಗ್ಗೆ ಹಾಕಿ. ಅದಕ್ಕೆ ಸ್ವಲ್ಪ ಸಾಸಿವೆ, ಒಣಮೆಣಸು ರುಬ್ಬಿ ಸೇರಿಸಿ, ಮಿಡಿ ಮುಳುಗೋ ಅಷ್ಟು. ಒದ್ದೆ ಚಮಚ ಹಾಕ್ಬೇಡಿ. ಮೇಲೆ ಒಣಗಿದ ಮಿಡಿ ಮೊದ್ಲು ತಿಂದು ಮುಗಿಸಿ, ಅವು ಇನ್ನು ಉಳಿಯಲ್ಲ. ಮುಂದಿನ ಸಲ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಒಂದು ಬಾಳೆಲೆ ಚೂರು ಇಟ್ಟು ತಿರುಗಿಸಿ, ಸೋರಲ್ಲ.